ಮ್ಯೂಸಿಯಂ, ಆರ್ಟ್ ಗ್ಯಾಲರಿಗೆ ಹೋದಾಗ ನಿಮಗೆ ನಿಜವಾಗ್ಲೂ ಏನನ್ಸುತ್ತೆ?

ಮಳೆಹಕ್ಕಿ:

ಎಲ್ರಿಗೂ ನಮಸ್ಕಾರ. ಕಾಲೇಜಲ್ಲಿ ಓದ್ತಿರೋರು, ಈಗಷ್ಟೇ ಕೆಲಸಕ್ಕೆ ಸೇರಿರೋರು ಏನಂತಾರೆ ಅಂತ ತಿಳ್ಕೊಳೋ ಆಸೆ, ದೊಡ್ಡೋರೂ ಹೇಳಬಹುದು. ಸ್ಕೂಲ್ ಟ್ರಿಪ್ಪಲ್ಲಿ ಸಾಲಾಗಿ ನಿಲ್ಲಿಸಿ ಕರ್ಕೊಂಡ್ ಹೋಗಿದ್ದು ಬಿಟ್ರೆ ನಾವ್ ನಾವೇ ಇಷ್ಟಪಟ್ಟು ಇಂಥ ಜಾಗಕ್ಕೆ ಹೋಗೋಕೆ ಶುರು ಮಾಡಿದ್ದು ಇತ್ತೀಚೆಗೆ. ಎಲ್ರೂ ಅದೇ ರೂಮು ಅದೇ ಚಿತ್ರ ನೋಡಿರ್ತೀವಿ, ಹೊರಗೆ ಬಂದು ಮಾತಾಡಿದ್ರೆ ಒಬ್ಬಳಿಗೆ ಕಣ್ಣಲ್ಲಿ ನೀರು ಬಂದಿರತ್ತೆ, ಇನ್ನೊಬ್ಬನಿಗೆ ಯಾವಾಗ ಹೊರಗೆ ಹೋಗ್ತೀವೋ ಅನ್ನಿಸ್ತಿರತ್ತೆ. ನಂಗಂತೂ ಒಂದೇ ಮಧ್ಯಾಹ್ನದಲ್ಲಿ ಎರಡೂ ಆಗತ್ತೆ.

ಒಳಗೆ ಕಾಲಿಟ್ಟ ತಕ್ಷಣ ಎಲ್ರ ಧ್ವನಿ ತಾನಾಗೇ ಸಣ್ಣಗಾಗತ್ತಲ್ಲ, ಅದು ನಂಗೆ ತುಂಬ ಇಷ್ಟ. ಆದ್ರೆ ಜೊತೆಗೇ ಒಂದು ಭಯ, ಯಾರೋ ನಮ್ಮನ್ನ ಪರೀಕ್ಷೆ ಮಾಡ್ತಿದಾರೇನೋ ಅನ್ನೋ ಥರ. ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಬೇಕು, ಬೇಗ ಮುಂದೆ ಹೋದ್ರೆ ಪಕ್ಕದೋರು ಏನಂದ್ಕೋತಾರೆ, ಮಾಡರ್ನ್ ಆರ್ಟ್ ಮುಂದೆ ನಿಂತು ಏನೂ ಅನ್ನಿಸ್ಲಿಲ್ಲ ಅಂದ್ರೆ ಕೊರತೆ ನನ್ನಲ್ಲೇ ಇದ್ಯಾ. ಮತ್ತೆ ಅಷ್ಟೇನೂ ನಡೆದಿರಲ್ಲ, ಆದ್ರೂ ಒಂದು ಗಂಟೆ ಆಗೋಷ್ಟ್ರಲ್ಲಿ ಕಾಲು ಸೊಂಟ ತಲೆ ಎಲ್ಲಾ ಸುಸ್ತು, ಇದ್ಯಾಕೆ? ಫೋನಲ್ಲಿ ಫೋಟೋ ತೆಗೀಬೇಕಾ ಬೇಡ್ವಾ ಅಂತಾನೂ ನಮ್ಮಲ್ಲಿ ಜಗಳ ಆಗತ್ತೆ. ನಿಮ್ಮ ಅನುಭವ ಹೇಳಿ, ಉದ್ದ ಬರೆದ್ರೂ ಓದ್ತೀನಿ.

ನಿಧಾನಸ್ಥ:

ಆ ಸುಸ್ತು ನಿಮಗೊಬ್ರಿಗೇ ಅಲ್ಲ, ಅದಕ್ಕೆ ನೂರು ವರ್ಷದ ಹಿಂದೇನೇ ಹೆಸರಿಟ್ಟಿದಾರೆ. ಬೋಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಅನ್ನೋರು 1916ರಲ್ಲಿ ಮ್ಯೂಸಿಯಂ ಫಟೀಗ್ ಅಂತ ಒಂದು ಲೇಖನ ಬರೆದ್ರು. ಒಬ್ಬ ನೋಡುಗನಿಗೆ ಒಂದಷ್ಟು ಪ್ರಶ್ನೆ ಕೊಟ್ಟು, ಉತ್ತರ ಹುಡುಕೋಕೆ ಅವನು ಶೋಕೇಸ್ ಮುಂದೆ ಹೇಗೆಲ್ಲ ಬಗ್ಗಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಕತ್ತು ತಿರುಗಿಸಬೇಕು ಅಂತ ಫೋಟೋ ತೆಗೆದು ತೋರಿಸಿದ್ರು. ಅಂದ್ರೆ ಸುಸ್ತಾಗ್ತಿದ್ದಿದ್ದು ನೋಡೋನ ಆಸಕ್ತಿ ಕಮ್ಮಿ ಅಂತಲ್ಲ, ವಸ್ತು ಇಟ್ಟಿರೋ ರೀತಿಯಿಂದ. ಇವತ್ತಿಗೂ ಆ ಮಾತು ಎಷ್ಟೋ ಮ್ಯೂಸಿಯಂಗೆ ಅನ್ವಯ ಆಗತ್ತೆ, ಬೆಂಚೇ ಇರಲ್ಲ ಕೆಲವು ಕಡೆ. ನಿಂತು ನಿಂತು ಹೆಜ್ಜೆ ಹಾಕೋದು ಸೀದಾ ನಡೆಯೋದಕ್ಕಿಂತ ಜಾಸ್ತಿ ಸುಸ್ತು, ಅದರ ಮೇಲೆ ಪ್ರತಿ ಎರಡು ಹೆಜ್ಜೆಗೂ ಹೊಸ ಕಾಲ, ಹೊಸ ದೇಶ, ಹೊಸ ಹೆಸರು ತಲೆಗೆ ಹಾಕ್ಕೋಬೇಕು.

ಎಷ್ಟು ಹೊತ್ತು ನಿಲ್ಬೇಕು ಅಂದ್ರಲ್ಲ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅಳತೆ ಮಾಡಿ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಒಂದು ಕಲಾಕೃತಿ ಮುಂದೆ ಜನ ನಿಲ್ಲೋದು ಸರಾಸರಿ 27 ಸೆಕೆಂಡ್, ಅದ್ರಲ್ಲೂ ಅರ್ಧದಷ್ಟು ಸಲ 17 ಸೆಕೆಂಡಿಗಿಂತ ಕಮ್ಮಿ. ಆಮೇಲೆ ಶಿಕಾಗೋದಲ್ಲಿ ಮತ್ತೆ ಮಾಡಿದಾಗಲೂ ಹೆಚ್ಚುಕಮ್ಮಿ ಅದೇ ಬಂತು. ಹಾಗಾಗಿ ಬೇಗ ಮುಂದೆ ಹೋದ್ರೆ ಪಕ್ಕದೋರು ಏನಂದ್ಕೋತಾರೆ ಅನ್ನೋ ಚಿಂತೆ ಬಿಟ್ಬಿಡಿ, ಪಕ್ಕದೋರೂ ಮುಂದೆ ಹೋಗ್ತಾನೇ ಇರ್ತಾರೆ.

ನನ್ನ ಬಲವಾದ ಅಭಿಪ್ರಾಯ ಏನಂದ್ರೆ ಎಲ್ಲಾ ನೋಡಿ ಮುಗಿಸೋ ಹಟಾನೇ ಮ್ಯೂಸಿಯಂನ ಕೆಡಿಸೋದು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ‌ನಲ್ಲಿ ಪ್ರದರ್ಶನಕ್ಕಿಟ್ಟಿರೋದೇ ಸುಮಾರು 35,000 ವಸ್ತು, ಒಂದೊಂದಕ್ಕೆ 17 ಸೆಕೆಂಡ್ ಅಂತ ಲೆಕ್ಕ ಹಾಕಿದ್ರೂ 165 ಗಂಟೆ ಬೇಕು, ಊಟ ನಿದ್ದೆ ಬಿಟ್ಟು ಒಂದು ವಾರ. ಮುಗಿಯೋದೇ ಇಲ್ಲ ಅಂತ ಒಪ್ಕೊಂಡು ಒಳಗೆ ಹೋಗಿ. ಸ್ಲೋ ಆರ್ಟ್ ಡೇ ಅಂತ ವರ್ಷಕ್ಕೊಂದು ಸಲ ಬೇರೆ ಬೇರೆ ದೇಶದ ಮ್ಯೂಸಿಯಂಗಳಲ್ಲಿ ಮಾಡ್ತಾರೆ, ಐದು ಕೃತಿ, ಒಂದೊಂದರ ಮುಂದೆ ಹತ್ತು ನಿಮಿಷ, ಆಮೇಲೆ ಎಲ್ರೂ ಕೂತು ಮಾತು, ಅಷ್ಟೇ. ಮೊದಲ ಎರಡು ನಿಮಿಷ ಚಡಪಡಿಕೆ ಆಗತ್ತೆ. ಮೂರನೇ ನಿಮಿಷದಿಂದ ಚಿತ್ರದ ಮೂಲೆಗಳು ಕಾಣೋಕೆ ಶುರು ಆಗತ್ತೆ, ಮಾಡಿ ನೋಡಿ.

ತಂಗಾಳಿ21:

ನಂಗೆ ಮೊದಲು ಹೊಡೆಯೋದೇ ಸೈಜು! ಮೊಹೆಂಜೊದಾರೊ ನರ್ತಕಿ ಇದಾಳಲ್ಲ, ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರೋ ಕಂಚಿನ ಹುಡುಗಿ, ಪಠ್ಯಪುಸ್ತಕದಲ್ಲಿ ಪೇಜಿನ ಅರ್ಧ ಇರ್ತಾಳೆ, ಅವಳ ನಿಜವಾದ ಎತ್ತರ ಬರೀ 10.5 ಸೆಂಟಿಮೀಟರ್, ಅಂಗೈಯಲ್ಲಿ ಹಿಡೀಬಹುದು. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಗತ್ತು ತುಂಬಿದ ಆ ಕೈ ಯಾರದ್ದು ಅಂತ ಯೋಚ್ನೆ ಮಾಡಿದ್ರೆ ಮೈ ಜುಮ್ ಅನ್ನತ್ತೆ, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಕೈ ಅದು. ಮೋನಾಲಿಸಾನೂ ಅಷ್ಟೇ, 77 ಸೆಂಟಿಮೀಟರ್ ಉದ್ದ 53 ಅಗಲ, ಆದ್ರೆ ಅವಳ ಎದುರು ಗೋಡೆಲಿರೋ ವೆರೊನೇಸೆಯ ಮದುವೆ ಊಟದ ಚಿತ್ರ ಹತ್ತಿರ ಹತ್ತಿರ 10 ಮೀಟರ್ ಅಗಲ ಇದೆ, ಎಲ್ರೂ ಅದಕ್ಕೆ ಬೆನ್ನು ಹಾಕಿ ನಿಂತಿರ್ತಾರೆ. ಪಿಕಾಸೊನ ಗೆರ್ನಿಕಾ ಚಿತ್ರ 7 ಮುಕ್ಕಾಲು ಮೀಟರ್ ಅಗಲ. ಫೋನ್ ಸ್ಕ್ರೀನಲ್ಲಿ ಇವೆಲ್ಲಾ ಒಂದೇ ಅಳತೆ! ಅದಕ್ಕೇ ಹೋಗಿ ನೋಡ್ಬೇಕು ಅನ್ನೋದು ನಾನು, ಮೈಗೆ ಅಳತೆ ಗೊತ್ತಾಗತ್ತೆ, ದೊಡ್ಡ ಚಿತ್ರದ ಮುಂದೆ ನಾವು ಚಿಕ್ಕವರಾಗ್ತೀವಿ, ಚಿಕ್ಕ ವಸ್ತುವಿನ ಮುಂದೆ ಉಸಿರು ಬಿಗಿ ಹಿಡಿದು ಬಗ್ಗುತ್ತೀವಿ.

ಬಿಸಿಲುಕುದುರೆ:

ನೋಡ್ರಿ, ಎಲ್ಲಾರೂ ಹೆಂಗ ನೋಡಬೇಕು ಅಂತ ಹೇಳಾಕತ್ತೀರಿ, ತೋರಸೋರು ಹೆಂಗ ತೋರಸಬೇಕು ಅಂತ ಯಾರೂ ಹೇಳವಲ್ರಿ. ನನಗ ಸಿಟ್ಟು ಬರೂದು ಲೇಬಲ್ ನೋಡಿ. ಒಂದ ಚಿತ್ರದ ಪಕ್ಕ ಇಪ್ಪತ್ತು ಸಾಲು ಬರದಿರ್ತಾರ, ಅದರಾಗ ಚಿತ್ರದಾಗ ಏನೈತಿ ಅನ್ನೂದು ಒಂದ ಸಾಲೂ ಇರೂದಿಲ್ಲ, ಬರೇ ದೊಡ್ಡ ದೊಡ್ಡ ಮಾತು. ಓದಿದ ಮ್ಯಾಲೆ ಇದು ನಮ್ಮಂಥವರಿಗಲ್ಲ ಅನಸ್ತೈತಿ. ಹರೇದ ಹುಡುಗರು ಬರವಲ್ರು ಬರವಲ್ರು ಅಂತ ಹೇಳತಾರ, ಬಂದವರಿಗೆ ಕುಂದ್ರಾಕ ಜಾಗ ಇಲ್ಲ, ತಿಳಿಯೂ ಹಂಗ ನಾಕ ಮಾತಿಲ್ಲ, ಮ್ಯಾಲೆ ಕಾವಲಿನವರ ಕಣ್ಣು ನಮ್ಮ ಬೆನ್ನ ಹಿಂದನ. ಇದನ್ನ ಸರಿ ಮಾಡೂದು ಮ್ಯೂಸಿಯಂನವರ ಕೆಲಸ ರೀ, ನಮ್ಮದಲ್ಲ.

ಮಾಡರ್ನ್ ಆರ್ಟ್ ವಿಷಯಕ್ಕ ಬಂದ್ರ, ಏನೂ ಅನಸಲಿಲ್ಲ ಅಂದ್ರ ಅದೂ ಒಂದು ಉತ್ತರನ. ಡುಶಾಂಪ್ ಅನ್ನೂ ಕಲಾವಿದ 1917ರಾಗ ಅಂಗಡ್ಯಾಗ ಸಿಗೂ ಮೂತ್ರದ ಬೇಸನ್ ತಂದು ಅದಕ್ಕ ಫೌಂಟನ್ ಅಂತ ಹೆಸರಿಟ್ಟು ಪ್ರದರ್ಶನಕ್ಕ ಕಳಿಸಿದಾಗ ಅಲ್ಲಿದ್ದ ಕಲಾವಿದರ ಮಂಡಳಿನ ಬ್ಯಾಡ ಅಂದಿತ್ತು, ಮೂಲ ವಸ್ತು ಕಳದುಹೋತು, ಈಗ ಮ್ಯೂಸಿಯಂನ್ಯಾಗ ಇರೂವು 1950, 60ರ ದಶಕದಾಗ ಮಾಡಸಿದ ಪ್ರತಿ. ಇದು ಚೆಂದ ಐತೇನು ಅಂತ ಕೇಳಿದ್ರ ನಾನು ಇಲ್ಲ ಅಂತೀನಿ. ಆದ್ರ ಇದನ್ನ ಕಲೆ ಅನ್ನಬೇಕೋ ಬ್ಯಾಡೋ ಅಂತ ನೂರು ವರ್ಷ ಜಗಳ ನಡದೈತಲ್ಲ, ಆ ಜಗಳದಾಗ ನಾವೂ ಕೂಡಬಹುದು, ಅದಕ್ಕ ಯಾರ ಅಪ್ಪಣೆನೂ ಬೇಕಾಗಿಲ್ಲ.

ದೀಪದಕಂಬ:

ನಾನು ಒಂದು ಮ್ಯೂಸಿಯಂನಲ್ಲಿ ಬರೋರಿಗೆ ತೋರಿಸಿ ವಿವರಿಸೋ ಕೆಲಸ ಮಾಡ್ತೀನಿ, ವಾಲಂಟಿಯರ್ ಆಗಿ. ಬಿಸಿಲುಕುದುರೆ ಅವರು ಲೇಬಲ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ನಾವು ಈಗ ಯುವಕರ ಗುಂಪು ಬಂದ್ರೆ ಮೊದಲು ಲೇಬಲ್ ಓದೋಕೆ ಬಿಡಲ್ಲ. ಅಬಿಗೇಲ್ ಹೌಸನ್, ಫಿಲಿಪ್ ಯೆನವೈನ್ ಅಂತ ಇಬ್ರು ರೂಪಿಸಿದ ಒಂದು ಕ್ರಮ ಇದೆ, ಅದ್ರಲ್ಲಿ ಮೂರೇ ಪ್ರಶ್ನೆ. ಈ ಚಿತ್ರದಲ್ಲಿ ಏನ್ ನಡೀತಿದೆ? ಹಾಗನ್ಸೋಕೆ ಏನ್ ಕಾಣಿಸ್ತು? ಇನ್ನೇನಿದೆ? ಎರಡನೇ ಪ್ರಶ್ನೇಲೇ ಇರೋದು ಎಲ್ಲಾ. "ಇವಳು ಬೇಜಾರಲ್ಲಿದಾಳೆ" ಅಂತ ಯಾರಾದ್ರೂ ಅಂದ್ರೆ ಎಲ್ಲಿ ಕಾಣ್ತು ಅಂತ ಕೇಳ್ತೀನಿ, ಆಗ ಭುಜ ನೋಡ್ತಾರೆ, ಕೈಬೆರಳು ನೋಡ್ತಾರೆ, ಕಿಟಕಿ ಮುಚ್ಚಿದೆ ಅಂತಾರೆ, ಪಕ್ಕದೋನು ಇಲ್ಲ ಇಲ್ಲ ಅವಳು ಯಾರಿಗೋ ಕಾಯ್ತಿದಾಳೆ ಅಂತಾನೆ, ಅಲ್ಲಿಂದ ನಾನು ಮಾತೇ ಆಡೋದು ಬೇಕಿರಲ್ಲ. ಪುಟ್ಟ ಮಕ್ಕಳಿಗೆ ಇದು ಸಲೀಸು. ಹದಿನೆಂಟು ಇಪ್ಪತ್ತರೋರಿಗೆ ಕಷ್ಟ, ತಪ್ಪು ಹೇಳಿಬಿಟ್ರೆ ಅನ್ನೋ ಭಯ ಮಳೆಹಕ್ಕಿ ಹೇಳಿದ ಹಾಗೇ ಅವರ ಮುಖದಲ್ಲಿ ಕಾಣತ್ತೆ, ನೋಡಿದ್ರೆ ಸಂಕಟ ಆಗತ್ತೆ ನಂಗೆ. ಒಬ್ರು ಬಾಯಿ ಬಿಟ್ರೆ ಸಾಕು, ಉಳಿದೋರೆಲ್ಲ ಶುರು.

ಹಾರ್ವರ್ಡ್‌ನಲ್ಲಿ ಕಲಾ ಇತಿಹಾಸ ಕಲಿಸೋ ಜೆನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳಿಗೆ ಒಂದೇ ಚಿತ್ರದ ಮುಂದೆ ಮೂರು ಗಂಟೆ ಕೂತು ನೋಡಿ ಅಂತ ಕೆಲಸ ಕೊಡ್ತಾರೆ. ರಾಬರ್ಟ್ಸ್ ಅವರೇ, ಕಾಪ್ಲಿ ಅನ್ನೋ ಕಲಾವಿದ 1765ರಲ್ಲಿ ಬರೆದ, ಹುಡುಗ ಮತ್ತು ಹಾರುವ ಅಳಿಲಿನ ಚಿತ್ರದ ಮುಂದೆ ಕೂತಾಗ, ಆ ಹುಡುಗನ ಕಿವಿಯ ಆಕಾರ, ಅಳಿಲಿನ ಹೊಟ್ಟೆ ಮೇಲಿನ ರೋಮದ ಅಂಚಿನ ಆಕಾರ ಎರಡೂ ಒಂದೇ ಅಂತ ಗೊತ್ತಾಗೋಕೆ ಒಂಬತ್ತು ನಿಮಿಷ ಹಿಡೀತಂತೆ. ಇಡೀ ಜೀವನ ಚಿತ್ರ ನೋಡೋದೇ ಕಸುಬಾಗಿರೋರಿಗೇ ಒಂಬತ್ತು ನಿಮಿಷ! ಇದನ್ನ ಹೇಳಿದಾಗ ಹುಡುಗರ ಮುಖದಲ್ಲಿ ಒಂದು ನೆಮ್ಮದಿ ಬರತ್ತೆ.

ಇನ್ನೊಂದು ದೂರು ತುಂಬ ಕೇಳ್ತೀನಿ, ಒಳಗೆಲ್ಲ ಯಾಕಿಷ್ಟು ಕತ್ತಲು ಅಂತ. ಕಾಗದದ ಮೇಲಿನ ಚಿತ್ರ, ಹಳೇ ಬಟ್ಟೆ, ಹಸ್ತಪ್ರತಿ ಇಂಥದಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕು ಅಳೆಯೋ ಮಾನ) ಬೆಳಕು ಮಾತ್ರ, ತೈಲಚಿತ್ರಕ್ಕೆ 200ರ ಆಸುಪಾಸು. ಬೆಳಕಿಂದ ಬಣ್ಣ ಒಂದ್ಸಲ ಮಾಸಿದ್ರೆ ಯಾರಿಂದಲೂ ವಾಪಸ್ ತರೋಕಾಗಲ್ಲ. ಒಳಗೆ ಹೋಗಿ ಸ್ವಲ್ಪ ಹೊತ್ತು ಸುಮ್ನೆ ನಿಂತ್ಕೊಳಿ, ಕಣ್ಣು ಹೊಂದ್ಕೊಳತ್ತೆ. ಮುಟ್ಟಬೇಡಿ ಅನ್ನೋದೂ ಹಾಗೇ, ಬೆರಳಿನ ಎಣ್ಣೆ, ಉಪ್ಪು ಲೋಹದ ಮೇಲೆ ಕೂತು ತಿನ್ನೋಕೆ ಶುರು ಮಾಡತ್ತೆ. ಗದರಿಸೋ ಬದಲು ಕಾರಣ ಹೇಳಿದ್ರೆ ಯಾರೂ ಮುಟ್ಟಲ್ಲ, ಇದು ನಾನು ಕಣ್ಣಾರೆ ಕಂಡಿದ್ದು.

ಕೆಂಪುಮಣ್ಣು:

ನನ್ನ ಅನಿಸಿಕೆ ಸ್ವಲ್ಪ ಬೇರೆ. ಚೆಂದ ಅನ್ಸತ್ತೆ, ಅದಾದ ತಕ್ಷಣ ಇದು ಇಲ್ಲಿಗೆ ಹೇಗೆ ಬಂತು ಅನ್ನೋ ಪ್ರಶ್ನೆ ಬರತ್ತೆ, ಆ ಪ್ರಶ್ನೆ ಬಂದ್ಮೇಲೆ ಮೊದಲಿನ ಥರ ನೋಡೋಕಾಗಲ್ಲ. ಬೆನಿನ್ ಕಂಚಿನ ಫಲಕಗಳನ್ನೇ ತಗೊಳಿ, ಬೆನಿನ್ ಅಂದ್ರೆ ಈಗಿನ ನೈಜೀರಿಯಾದಲ್ಲಿದ್ದ ಹಳೇ ರಾಜ್ಯ, 1897ರಲ್ಲಿ ಬ್ರಿಟಿಷ್ ಸೈನ್ಯ ಬೆನಿನ್ ಅರಮನೆ ಮೇಲೆ ದಾಳಿ ಮಾಡಿ ಲೂಟಿ ಹೊಡೆದಿದ್ದು. ಈಗ ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ ಬೆನಿನ್‌ನಿಂದ ಬಂದ 900ಕ್ಕೂ ಹೆಚ್ಚು ವಸ್ತು ಇದೆ, ವಾಪಸ್ ಕೊಡೋಕೆ 1963ರ ಬ್ರಿಟಿಷ್ ಕಾನೂನು ಅಡ್ಡ ಬರತ್ತೆ ಅಂತಾರೆ ಅವರು. ಜರ್ಮನಿ 2022ರಲ್ಲಿ ಒಡೆತನ ನೈಜೀರಿಯಾಗೆ ಬಿಟ್ಟುಕೊಡೋಕೆ ಒಪ್ಕೊಂಡು ಅದೇ ಡಿಸೆಂಬರಲ್ಲಿ ಮೊದಲ ಒಂದಷ್ಟನ್ನ ಕೈಗೆ ಕೊಟ್ಟೇ ಬಿಡ್ತು. ಮನಸ್ಸಿದ್ರೆ ಆಗತ್ತೆ ಅಂತಾಯ್ತಲ್ಲ. ನಮ್ಮ ವಯಸ್ಸಿನೋರು ಇದನ್ನ ಜೋರಾಗೇ ಕೇಳ್ತಿದಾರೆ, ಕೇಳ್ಬೇಕು ಕೂಡ. ಹಾಗಂತ ಮ್ಯೂಸಿಯಂಗೆ ಹೋಗಬೇಡಿ ಅಂತಲ್ಲ. ಹೋಗಿ, ಲೇಬಲ್ ಕೊನೇಲಿರೋ ಸಣ್ಣಕ್ಷರ ಓದಿ. ಅಲ್ಲೊಂದು ನಂಬರ್ ಇರತ್ತೆ, ಎಷ್ಟೋ ಮ್ಯೂಸಿಯಂಗಳಲ್ಲಿ 1985.12.3 ಅನ್ನೋ ಥರ, ಮೊದಲನೇದು ಆ ವಸ್ತು ಅವರ ಕೈ ಸೇರಿದ ವರ್ಷ, ಎರಡನೇದು ಆ ವರ್ಷ ಬಂದ ಎಷ್ಟನೇ ಕಂತು, ಮೂರನೇದು ಅದರಲ್ಲಿ ಎಷ್ಟನೇ ವಸ್ತು. ಪಕ್ಕದಲ್ಲಿ ಯಾರು ಕೊಟ್ಟಿದ್ದು ಅಂತ ಇರತ್ತೆ. ಇಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳಿ.

ದೀಪದಕಂಬ:

ಕೆಂಪುಮಣ್ಣು, ಇದನ್ನ ನಮ್ಮಲ್ಲಿ ಬರೋ ಹುಡುಗರೂ ಕೇಳ್ತಾರೆ, ನಂಗೆ ಅದು ಖುಷಿ ಕೊಡೋ ಪ್ರಶ್ನೆ. ಉತ್ತರ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳಿ ಹೆಸರು ಬರ್ಕೊಂಡು ಆಮೇಲೆ ತಿಳಿಸ್ತೀವಿ.

ನಿಧಾನಸ್ಥ:

ಫೋನ್ ಪ್ರಶ್ನೆ ಹಾಗೇ ಉಳೀತು. ಲಿಂಡಾ ಹೆಂಕೆಲ್ ಅನ್ನೋ ಮನಶ್ಶಾಸ್ತ್ರಜ್ಞೆ ಕಾಲೇಜು ವಿದ್ಯಾರ್ಥಿಗಳನ್ನ ಮ್ಯೂಸಿಯಂಗೆ ಕರ್ಕೊಂಡು ಹೋಗಿ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ರು. ಕೆಲವು ವಸ್ತುವಿನ ಫೋಟೋ ತೆಗೀಬೇಕು, ಕೆಲವನ್ನ ಬರೀ ನೋಡ್ಬೇಕು. ಮಾರನೇ ದಿನ ಕೇಳಿದ್ರೆ ಫೋಟೋ ತೆಗೆದಿದ್ದು ಕಮ್ಮಿ ನೆನಪಿತ್ತು, ನೋಡಿದ್ದು ಜಾಸ್ತಿ ನೆನಪಿತ್ತು. ಆದ್ರೆ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದವರಿಗೆ ಆ ನಷ್ಟ ಆಗಿರಲಿಲ್ಲ. ಹಾಗಾಗಿ ಇಡೀ ಚಿತ್ರ ತೆಗೀಬೇಡಿ, ಅದು ಮ್ಯೂಸಿಯಂ ವೆಬ್‌ಸೈಟಲ್ಲಿ ನಿಮ್ಮ ಫೋಟೋಗಿಂತ ಚೆನ್ನಾಗೇ ಇರತ್ತೆ. ಮೊದಲು ನೋಡಿ, ನಿಮಗೆ ಹಿಡಿಸಿದ ಒಂದು ಚೂರನ್ನ, ಒಂದು ಕೈ, ಒಂದು ಬಣ್ಣದ ಗಡ್ಡೆ, ಅಷ್ಟನ್ನ ತೆಗೀರಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ.

ಮತ್ತೆ ಬಣ್ಣ ಬಳಿದಷ್ಟೇ ಕಾಣೋ ಕ್ಯಾನ್ವಾಸ್ ಎದುರಾದ್ರೆ ದೂರ ನಿಂತು ಏನೂ ಇಲ್ಲ ಅನ್ನೋಕೆ ಮುಂಚೆ, ಅಲ್ಲಿ ಬಿಡೋದಾದ್ರೆ ಹತ್ತಿರ ಹೋಗಿ. ಅಂಥ ಚಿತ್ರ ಬರೀತಿದ್ದ ರಾತ್ಕೊ ಅನ್ನೋ ಕಲಾವಿದ ತನ್ನ ದೊಡ್ಡ ಚಿತ್ರಗಳನ್ನ ಒಂದೂವರೆ ಅಡಿ ದೂರದಿಂದ ನೋಡ್ಲಿ ಅಂತ ಬಯಸ್ತಿದ್ದ. ಅಷ್ಟು ಹತ್ತಿರದಿಂದ ಅಂಚು ಕಾಣಲ್ಲ, ಬಣ್ಣದ ಒಳಗೇ ನಿಂತ ಹಾಗಿರತ್ತೆ.

ಮಳೆಹಕ್ಕಿ:

ಎಲ್ರಿಗೂ ತುಂಬ ತುಂಬ ಥ್ಯಾಂಕ್ಸ್, ಇಷ್ಟೆಲ್ಲ ಬರೀತೀರ ಅಂದ್ಕೊಂಡಿರ್ಲಿಲ್ಲ. ಆ ಮೂರು ಪ್ರಶ್ನೆ ನಮ್ಮ ಗ್ರೂಪಲ್ಲಿ ಹಾಕಿದೀನಿ, ಆಗ್ಲೇ ಒಬ್ಬ ಹಳೇ ಫೋಟೋ ತೆಗೆದು ಅದ್ರಲ್ಲಿ ಏನ್ ನಡೀತಿದೆ ಅಂತ ಕೇಳಿ ಜಗಳ ಶುರು ಮಾಡಿದಾನೆ. ಬಿಸಿಲುಕುದುರೆ ಅವರೇ, ಏನೂ ಅನ್ನಿಸ್ದಿರೋದೂ ಒಂದು ಉತ್ತರ ಅಂದ್ರಲ್ಲ, ಅದು ನಂಗೆ ತುಂಬ ಬೇಕಿತ್ತು. ಇನ್ನೊಂದೇ ಒಂದು ಪ್ರಶ್ನೆ, ನಮ್ಮಲ್ಲಿ ಒಬ್ಬಳು ಅಲ್ಲೇ ಕೂತು ಸ್ಕೆಚ್ ಮಾಡ್ಬೇಕು ಅಂತಾಳೆ, ಅದಕ್ಕೆ ಬಿಡ್ತಾರಾ?

ದೀಪದಕಂಬ:

ಸಾಮಾನ್ಯವಾಗಿ ಬಿಡ್ತಾರೆ, ನೋಡೋದು ಕಲಿಯೋಕೆ ಅದಕ್ಕಿಂತ ಒಳ್ಳೇ ದಾರಿ ಇಲ್ಲ. ಪೆನ್ಸಿಲ್ ಮಾತ್ರ ತಗೊಂಡು ಹೋಗೋಕೆ ಹೇಳಿ, ಪೆನ್ನು, ಇಂಕು, ಬಣ್ಣ ಬಹಳ ಕಡೆ ಬಿಡಲ್ಲ, ಸಿಡಿದ್ರೆ ತೆಗೆಯೋಕಾಗಲ್ಲ ಅಂತ. ಪುಸ್ತಕ ಚಿಕ್ಕದಿರ್ಲಿ, ದಾರಿಗೆ ಅಡ್ಡ ಆಗದ ಹಾಗೆ ಕೂರ್ಲಿ. ಕೆಲವು ಪ್ರದರ್ಶನಗಳಲ್ಲಿ ಬೇರೆ ಕಡೆಯಿಂದ ತಂದ ಚಿತ್ರ ಇದ್ರೆ ಅದಕ್ಕೆ ಬೇರೆ ನಿಯಮ ಇರತ್ತೆ, ಬಾಗಿಲಲ್ಲೇ ಕೇಳಿಬಿಡಿ.