ಪುಟ್ಟ ಮಗು, ಪೂಲ್ ಇರುವ ಬಾಡಿಗೆ ಮನೆ, ಊರಿಂದ ಬರುವ ಅತ್ತೆ-ಮಾವ

ಸಿಡ್ನಿಯಲ್ಲಿ ಪೂಲ್ ಇರುವ ಮನೆ ನೋಡುತ್ತಿದ್ದೇವೆ, ಮಗು ಈಗಷ್ಟೇ ನಡೆಯುತ್ತಿದೆ, ಏನು ಜಾಗ್ರತೆ ಬೇಕು ಅಂತ ಕೇಳಿದ್ದೀರಲ್ಲ, ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಪೂಲ್ ವಿಷಯದಲ್ಲಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಕಾನೂನು ಬಿಗಿ. 30 ಸೆಂಟಿಮೀಟರ್‌ಗಿಂತ ಆಳ ನೀರು ಹಿಡಿಯುವ ಪೂಲ್‌ಗೆಲ್ಲ ಬೇಲಿ ಬೇಕು, ಗಾಳಿ ತುಂಬುವ ಪೂಲ್ ಆದರೂ ಅಷ್ಟೇ. ಬೇಲಿ ಕಡಿಮೆ ಅಂದರೂ 1.2 ಮೀಟರ್ ಎತ್ತರ. ಗೇಟ್ ಕೈಬಿಟ್ಟರೆ ತಾನಾಗಿ ಮುಚ್ಚಿ ಚಿಲಕ ಬೀಳಬೇಕು. ಮನೆ ನೋಡಲು ಹೋದಾಗ ಗೇಟನ್ನು ಸ್ವಲ್ಪವೇ ತೆರೆದು ಬಿಟ್ಟು ನೋಡಿ, ಪೂರ್ತಿ ತೆರೆದೂ ನೋಡಿ. ಏಜೆಂಟ್ ಹತ್ತಿರ, ಪೂಲ್ ಬೇಲಿ ನಿಯಮದಂತೆ ಇದೆ ಅನ್ನುವ ಸರ್ಟಿಫಿಕೇಟ್ ಕೇಳಿ. ಬೇಲಿ ಪಕ್ಕ ಕುರ್ಚಿ, ಹೂಕುಂಡ ಇಡಬೇಡಿ, ಮಕ್ಕಳು ಹತ್ತಿಬಿಡುತ್ತಾರೆ.

ನನಗೆ ಇದಕ್ಕಿಂತ ಜಾಸ್ತಿ ಭಯ ಬಚ್ಚಲಿನ ಬಕೆಟ್ ಮೇಲೆ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಬಾಳಿದವರು ಖಾಲಿ ಬಕೆಟ್ ಕಂಡರೆ ತುಂಬಿಸಿಡುತ್ತಾರೆ. ಬಟ್ಟೆ ನೆನೆಹಾಕುತ್ತಾರೆ. ನೆಲ ಒರೆಸಿದ ನೀರೂ ಮೂಲೆಯಲ್ಲಿ ಉಳಿಯುತ್ತೆ. ಈ ವಯಸ್ಸಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ. ಬಗ್ಗಿ ನೋಡಲು ಹೋಗಿ ತಲೆಕೆಳಗಾಗಿ ಬಿದ್ದರೆ ತಾವಾಗಿ ಏಳಲಾರರು. ಕೂಗುವುದೂ ಕೇಳಿಸುವುದಿಲ್ಲ. ಗೇಣುದ್ದ ನೀರೂ ಬೇಕಿಲ್ಲ. ಹಾಗಾಗಿ ಕೆಲಸ ಮುಗಿದ ಕೂಡಲೇ ಬಕೆಟ್ ಬೋರಲು ಹಾಕಿ, ಬಚ್ಚಲ ಬಾಗಿಲು ಮುಚ್ಚಿ. ಅತ್ತೆಯವರಿಗೆ ತಪ್ಪು ಎತ್ತಿ ಆಡಿದಂತೆ ಆಗಬಾರದು. "ಇಲ್ಲಿ ನಲ್ಲಿಯಲ್ಲಿ ದಿನವಿಡೀ ನೀರು ಬರುತ್ತೆ ಅತ್ತೆ, ತುಂಬಿಸಿಡೋದು ಬೇಡ" ಅಂದರೆ ಸಾಕು, ಮೊಮ್ಮಗುವಿನ ವಿಷಯ ಅಂದಮೇಲೆ ಅವರೇ ಕಾವಲು ನಿಲ್ಲುತ್ತಾರೆ.

ಎಣ್ಣೆ ಹಚ್ಚಿದ ಮಗು ಟಬ್‌ನಲ್ಲಿ ಜಾರುತ್ತೆ. ಸ್ನಾನ ಮಾಡಿಸುವಾಗ ಊರಿಂದ ಫೋನ್ ಬಂದರೆ ಬಡಿದುಕೊಳ್ಳಲಿ ಬಿಡಿ. ತೆಗೆಯಲೇಬೇಕಾದರೆ ಮಗುವನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡೇ ಹೋಗಿ. ಅಣ್ಣನನ್ನೋ ಅಕ್ಕನನ್ನೋ ಕಾವಲಿಗೆ ಕೂರಿಸಬೇಡಿ. ಟಬ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ಹೀಟರ್ ಟ್ಯಾಂಕಿನ ನೀರು 60 ಡಿಗ್ರಿ ಇರುತ್ತೆ. ಅಡುಗೆಮನೆ ನಲ್ಲಿಯಲ್ಲಿ ಅದೇ ಬಿಸಿಯಲ್ಲಿ ಬರಬಹುದು, ಮಗುವಿನ ಚರ್ಮ ಕ್ಷಣದಲ್ಲಿ ಸುಡುತ್ತೆ.

ಇನ್ನು ನಮ್ಮವರು ಸೇರಿದಾಗ. ಹಿತ್ತಲಲ್ಲಿ ಇಪ್ಪತ್ತು ಜನ ದೊಡ್ಡವರಿದ್ದರೂ ಪ್ರತಿಯೊಬ್ಬರೂ ಇನ್ನೊಬ್ಬರು ನೋಡ್ತಿದ್ದಾರೆ ಅಂದುಕೊಳ್ಳುತ್ತಾರೆ, ಅಲ್ವಾ? ಒಬ್ಬರಿಗೆ ವಹಿಸಿ. ಅವರು ಮೊಬೈಲ್ ಒಳಗಿಟ್ಟು ಕೈಗೆಟುಕುವ ದೂರದಲ್ಲಿರಲಿ. ಏಳುವಾಗ ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಿಯೇ ಏಳಲಿ. ಮಗು ಕಾಣದಿದ್ದರೆ ಮೊದಲು ನೀರು ನೋಡಿ, ಆಮೇಲೆ ಮಂಚದ ಕೆಳಗೆ.

ಈಜು ಪಾಠಕ್ಕೆ ಈಗಲೇ ಸೇರಿಸಿ, ಆದರೆ ಅದನ್ನು ನಂಬಿ ಕಣ್ಣು ತೆಗೆಯಬೇಡಿ. ಉಸಿರು ನಿಂತವರಿಗೆ ಮಾಡುವ ಪ್ರಥಮ ಚಿಕಿತ್ಸೆ, ಸಿಪಿಆರ್, ನೀವಿಬ್ಬರೂ ಕಲಿಯಿರಿ. 30 ಸಲ ಎದೆ ಒತ್ತುವುದು, 2 ಸಲ ಉಸಿರು ಊದುವುದು. ತುರ್ತಿಗೆ 000. ಅತ್ತೆ-ಮಾವನಿಗೂ ಆ ನಂಬರ್ ಬಾಯಿಪಾಠ ಇರಲಿ.

ಅದೇ ಬಾಡಿಗೆಗೆ ಪೂಲ್ ಇಲ್ಲದ ಮನೆ ಸಿಕ್ಕರೆ, ಮಗು ದೊಡ್ಡದಾಗುವ ತನಕ ಅದನ್ನೇ ತಗೊಳ್ಳಿ ಅನ್ನೋದು ನನ್ನ ಸಲಹೆ.