ಬ್ರಿಟನ್ನಿನ ಸ್ವತಂತ್ರ ವೈಜ್ಞಾನಿಕ ಕಾದಂಬರಿ ಶೈಲಿಯ ಕಾಮಿಕ್ಸ್: ಎಲ್ಲಿಂದ ಓದಲು ಆರಂಭಿಸಬೇಕು?

ಲೀಡ್ಸ್‌ನ ಹೊಸಬ: ದೊಡ್ಡ ಪ್ರಕಾಶಕರ ಹೊರಗೆ ಬಂದ, ಓದಿದ ಮೇಲೂ ಮನಸ್ಸಿನಲ್ಲಿ ಉಳಿಯುವ ಕಥೆಗಳು ಬೇಕು. ತಿಂಗಳಿಗೆ ಇಪ್ಪತ್ತು ಪೌಂಡ್ ಮೀರುವಂತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹಳೆ ಸಂಚಿಕೆ: ನಾನು 'ವಾರಿಯರ್' ಪತ್ರಿಕೆಯ ಮೂಲ ಸಂಚಿಕೆಗಳನ್ನೇ ಕೂಡಿಸಿದ್ದೇನೆ. 1982ರಿಂದ 1985ರವರೆಗೆ ಬಂದದ್ದು 26 ಸಂಚಿಕೆಗಳು ಮಾತ್ರ. ಒಂದೊಂದಕ್ಕೂ ಎಂಟು ಪೌಂಡ್, ಅದರ ಮೇಲೆ ಅಂಚೆ ವೆಚ್ಚ ಮೂರೂವರೆ. 'ಉತ್ತಮ ಸ್ಥಿತಿ' ಎಂದು ವ್ಯಾಪಾರಿಯೊಬ್ಬ ಕಳಿಸಿದ ಪ್ರತಿಯಲ್ಲಿ ನಡುಹಾಳೆಯೇ ಇರಲಿಲ್ಲ, ಹಿಂದಿರುಗಿಸುವ ಅಂಚೆ ವೆಚ್ಚವೂ ನನ್ನ ತಲೆಗೇ ಬಂತು. ಆದರೂ ಆ ಪತ್ರಿಕೆಯಲ್ಲೇ ಧಾರಾವಾಹಿಯಾಗಿ ಬಂದ 'ವಿ ಫಾರ್ ವೆಂಡೆಟಾ'ವನ್ನು ಕಪ್ಪು-ಬಿಳುಪಿನಲ್ಲಿ ಓದದವರು ಅದನ್ನು ಓದಿಯೇ ಇಲ್ಲ. ಅದರ ಚಿತ್ರಕಾರ ಡೇವಿಡ್ ಲಾಯ್ಡ್ ಮುಖಗಳಿಗೆ ಹೊರರೇಖೆಯನ್ನೇ ಎಳೆಯದೆ, ನೆರಳು ನಿಂತಲ್ಲಿ ಕೆನ್ನೆ ಆರಂಭವಾಗುವಂತೆ ಬರೆದಿದ್ದಾರೆ.

ಒಂದೇ ಸಂಪುಟ: ಮಾನ್ಯರೇ, ಪತ್ರಿಕೆ ನಿಂತಾಗ ಆ ಕಥೆ ಅರ್ಧದಲ್ಲೇ ನಿಂತಿತ್ತೆಂಬುದನ್ನು ತಾವು ಹೇಳಲಿಲ್ಲ. ಅದು ಮುಗಿದದ್ದು 1989ರಲ್ಲಿ, ಅಮೆರಿಕದ ದೊಡ್ಡ ಕಾಮಿಕ್ಸ್ ಪ್ರಕಾಶಕ ಡಿಸಿ ಸಂಸ್ಥೆಯಲ್ಲಿ, ಬಣ್ಣದಲ್ಲಿ. ಬಣ್ಣ ಹಾಕಿದವರಲ್ಲಿ ಲಾಯ್ಡ್ ಕೂಡ ಒಬ್ಬರು. ಕಲಾವಿದರೇ ಒಪ್ಪಿದ ಬಣ್ಣಕ್ಕೆ ತಮ್ಮ ತಕರಾರೇನು?

ಹಳೆ ಸಂಚಿಕೆ: ಒಪ್ಪಿದರೆಂದ ಮಾತ್ರಕ್ಕೆ ಚೆನ್ನಾಗಿದೆಯೆಂದಲ್ಲ. ಡಿಸಿಯದನ್ನು ಸ್ವತಂತ್ರ ಪ್ರಕಾಶನವೆನ್ನುವುದೂ ವಿಚಿತ್ರವೇ.

ಆರ್ಕ್‌ರೈಟ್ ಪಕ್ಷ: ನಿಮ್ಮ ಜಗಳದಲ್ಲಿ ಕಾಮಿಕ್ಸ್ ಕಲಾವಿದ ಬ್ರಯಾನ್ ಟಾಲ್ಬಟ್ ಮರೆತೇಹೋದರು. ಹದಿನೇಳನೆಯ ಶತಮಾನದ ಕ್ರಾಮ್‌ವೆಲ್‌ನ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್) ಆಳ್ವಿಕೆ ಕೊನೆಗೊಳ್ಳದ ಇನ್ನೊಂದು ಇಂಗ್ಲೆಂಡನ್ನು ಕಲ್ಪಿಸಿದ 'ಲೂಥರ್ ಆರ್ಕ್‌ರೈಟ್' 1978ರಲ್ಲಿ 'ನಿಯರ್ ಮಿಥ್ಸ್' ಪತ್ರಿಕೆಯಲ್ಲಿ ಆರಂಭವಾಗಿ, ಪತ್ರಿಕೆಗಳು ಒಂದರ ಹಿಂದೊಂದು ಮುಚ್ಚಿದರೂ ಬಿಡದೆ, ವಾಲ್ಕಿರಿ ಪ್ರೆಸ್‌ನ ಒಂಬತ್ತು ಸಂಚಿಕೆಗಳಲ್ಲಿ ಪೂರ್ಣಗೊಂಡಿತು. ಹದಿನೆಂಟು ಪೌಂಡ್ ಕೊಟ್ಟ ನನ್ನ ಸಂಪುಟದ ಬೆನ್ನು ಮೊದಲ ಓದಿಗೇ ಬಿರಿಯಿತು. ಅಂಟಿಗೆ ಮತ್ತೆ ನಾಲ್ಕು ಪೌಂಡ್ ದಂಡ. ಒಂದೇ ಪುಟದಲ್ಲಿ ಮೂರು ಕಾಲಗಳು ಓಡುವುದರಿಂದ, ಹಿಂದಿನ ಪುಟಕ್ಕೆ ಪದೇಪದೇ ಮರಳದೆ ಇದನ್ನು ಓದಲಾಗುವುದಿಲ್ಲ.

ಮೇಜಿನ ಬಳಿ: ಸತ್ತ ಪತ್ರಿಕೆಗಳನ್ನೇ ಎಷ್ಟು ದಿನ ಪೂಜಿಸುತ್ತೀರಿ? ಸಣ್ಣ ಸಂಕಲನಗಳಲ್ಲಿ ಹೊಸಬರು ಕೆಲವೇ ಪುಟಗಳಲ್ಲಿ ಕಥೆ ಮುಗಿಸಿಬಿಡುತ್ತಾರೆ. ನಾನಂತೂ ಥಾಟ್ ಬಬಲ್ ಕಾಮಿಕ್ಸ್ ಉತ್ಸವಕ್ಕೆ ಹೋಗಿ, ಕಲಾವಿದರ ಮೇಜಿನ ಮುಂದೆಯೇ ಪುಟ ತಿರುವಿ ನೋಡಿ ಕೊಳ್ಳುತ್ತೇನೆ.

ಹಳೆ ಸಂಚಿಕೆ: ಆ ಉತ್ಸವ ಲೀಡ್ಸ್ ಬಿಟ್ಟು 2019ರಲ್ಲೇ ಹ್ಯಾರೊಗೇಟ್‌ಗೆ ಹೋಯಿತು. ಪ್ರವೇಶ ಶುಲ್ಕ, ರೈಲು ದರ, ಊಟ ಎಲ್ಲವನ್ನೂ ಕೂಡಿಸಿ ನೋಡಿ. ಆ ಹಣಕ್ಕೆ ನನಗೆ 'ವಾರಿಯರ್' ನಾಲ್ಕು ಸಂಚಿಕೆಗಳು ಬರುತ್ತವೆ.

ಮೇಜಿನ ಬಳಿ: ನಡುಹಾಳೆ ಸಮೇತವೇ?