ಹಳೆಯ ರಾಕ್ ತಂಡಗಳು ಹೊಸ ಸದಸ್ಯರನ್ನು ಆರಿಸುವುದು ಹೇಗೆ?

ಪ್ರಶ್ನೆ: ಗಾಯಕ ಬಾನ್ ಸ್ಕಾಟ್ 1980ರ ಫೆಬ್ರುವರಿಯಲ್ಲಿ ತೀರಿಕೊಂಡ ಐದೇ ತಿಂಗಳಲ್ಲಿ ಎಸಿ/ಡಿಸಿ ತಂಡವು ಬ್ರಿಯಾನ್ ಜಾನ್ಸನ್ ಅವರ ಕಂಠದಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಮ್ ಹೊರತಂದಿತು. ಇಂತಹ ತಂಡಗಳು ಹೋದವರ ದನಿಯನ್ನೇ ಹೋಲುವವರನ್ನು ಹುಡುಕುತ್ತವೆಯೇ, ಅಥವಾ ಬೇರೆ ಅಳತೆಗೋಲು ಇದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಜಾನ್ಸನ್ ಪೂರ್ತಿ ಅಪರಿಚಿತರಾಗಿರಲಿಲ್ಲ; ಜಾರ್ಡಿ ಎಂಬ ಇಂಗ್ಲಿಷ್ ತಂಡದಲ್ಲಿ ಅವರು ಹಾಡುವುದನ್ನು ಕಂಡಿದ್ದ ಸ್ಕಾಟ್ ಅವರೇ ತಮ್ಮ ಸಂಗಡಿಗರ ಮುಂದೆ ಮೆಚ್ಚಿ ಮಾತನಾಡಿದ್ದರು. ಆದರೂ ಅವರು ಸ್ಕಾಟ್ ಅವರ ನಕಲಾಗದೆ ತಮ್ಮದೇ ಒರಟು ಏರುದನಿಯಲ್ಲಿ ಹಾಡಿದ್ದರಿಂದಲೇ ಆ ಆಲ್ಬಮ್ ಉಳಿಯಿತೆಂದು ನಾನು ನಂಬುತ್ತೇನೆ.

ಉತ್ತರ 2: ಹೋಲಿಕೆಯನ್ನೇ ಬಯಸಿದವರೂ ಇದ್ದಾರೆ. ಜರ್ನಿ ತಂಡದ ಗಿಟಾರ್ ವಾದಕ ನೀಲ್ ಶಾನ್ 2007ರಲ್ಲಿ ಫಿಲಿಪ್ಪೀನ್ಸ್‌ನ ಆರ್ನೆಲ್ ಪಿನೆಡಾ ಅವರ ವಿಡಿಯೊಗಳನ್ನು ಯೂಟ್ಯೂಬ್‌ನಲ್ಲಿ ನೋಡಿ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡರು. ತಂಡದ ಹಿಂದಿನ ಗಾಯಕ ಸ್ಟೀವ್ ಪೆರಿ ಮೇಲುಸ್ಥಾಯಿಯಲ್ಲಿ ಹಾಡಿದ ಗೀತೆಗಳನ್ನು ಕೇಳಲೆಂದೇ ಬರುವ ಶ್ರೋತೃಗಳನ್ನು ಆ ತಂಡ ಕಳೆದುಕೊಳ್ಳುವಂತಿರಲಿಲ್ಲ. 1996ರಲ್ಲಿ ಜೂಡಾಸ್ ಪ್ರೀಸ್ಟ್ ಸೇರಿದ ಟಿಮ್ ಓವೆನ್ಸ್ ಅವರಂತೂ ಅದೇ ತಂಡದ ಹಾಡುಗಳನ್ನು ಹಾಡುತ್ತಿದ್ದ ಅಭಿಮಾನಿ ತಂಡವೊಂದರಿಂದ ಬಂದವರು. 2003ರಲ್ಲಿ ಹಿಂದಿನ ಗಾಯಕ ರಾಬ್ ಹ್ಯಾಲ್ಫರ್ಡ್ ಮರಳಿದಾಗ ಓವೆನ್ಸ್ ಸ್ಥಾನ ತೆರವು ಮಾಡಬೇಕಾಯಿತು. ನನಗದು ಇಂದಿಗೂ ನೋವಿನ ಸಂಗತಿ.

ಉತ್ತರ 3: ವಾದ್ಯಗಾರರ ವಿಷಯದಲ್ಲಿ ಒಟ್ಟಿಗೆ ನುಡಿಸಿ ನೋಡುವುದೇ ನಿಜವಾದ ಪರೀಕ್ಷೆ. ಮೆಟಾಲಿಕಾ 2003ರಲ್ಲಿ ಹಲವರೊಂದಿಗೆ ಹಾಗೆ ನುಡಿಸಿ ರಾಬರ್ಟ್ ಟ್ರುಹಿಯೊ ಅವರನ್ನು ಆರಿಸಿತು. ಬೆರಳುಗಳಿಂದಲೇ ಬಾಸ್ ಗಿಟಾರ್ ಮೀಟುವ ಅವರ ರೀತಿಯು, 1986ರಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡ ಆ ತಂಡದ ಬಾಸ್ ವಾದಕ ಕ್ಲಿಫ್ ಬರ್ಟನ್ ಅವರದಕ್ಕೆ ಹತ್ತಿರವಾಗಿತ್ತು.